ಮುಖಪುಟ ಬರೆದವರು, ಮುಖ ತೋರದವರು

ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದ ‘ಚಂದಮಾಮ’ದ ಮುಖಪುಟ ನೆನಪಿದೆಯೇ? ಅದರ ಮೂಲೆಯಲ್ಲಿದ್ದ ಎರಡಕ್ಷರದ ಸಹಿ? ಸುಮಾರು ಮೂರು ದಶಕ ಮಕ್ಕಳ ಕಣ್ಣಿಗೆ ದೇವರು, ದಾನವರು, ರಾಜಕುಮಾರಿಯರನ್ನು ತುಂಬಿಸಿದ ವಡ್ಡಾದಿ ಪಾಪಯ್ಯ ತಮ್ಮ ಬದುಕನ್ನು ಮಾತ್ರ ಯಾರ ಕಣ್ಣಿಗೂ ಬೀಳದಂತೆ ಇಟ್ಟುಕೊಂಡರು.

ನಾಗಾವಳಿ ನದಿಯ ದಂಡೆಯ ಶ್ರೀಕಾಕುಳಂ. 1920ರ ದಶಕದ ನಡುಭಾಗ. ಚಿತ್ರಕಲೆ ಕಲಿಸುವ ಮೇಷ್ಟ್ರೊಬ್ಬರ ಮನೆ. ಬಣ್ಣ, ಕುಂಚ, ಕಾಗದ ಎಲ್ಲವೂ ಕೈಗೆಟುಕುವಲ್ಲೇ ಇವೆ. ಎದುರಿಗೆ ರವಿವರ್ಮನ ಕೋದಂಡರಾಮ. ಐದು ವರ್ಷದ ಮಗ ಅದನ್ನೇ ನೋಡುತ್ತ ಕೂತವನು ಕಂಡದ್ದನ್ನು ಕಂಡ ಹಾಗೆ ಕಾಗದಕ್ಕೆ ಇಳಿಸಲು ಹೊರಟಿದ್ದಾನೆ.

ಆ ಹುಡುಗ ವಡ್ಡಾದಿ ಪಾಪಯ್ಯ. ಅವರ ಬಗ್ಗೆ ಬರೆಯುವ ತೆಲುಗಿನವರು ಸಾಮಾನ್ಯವಾಗಿ ಈ ಕಥೆಯಿಂದಲೇ ಶುರು ಮಾಡುತ್ತಾರೆ. ಕಲಾವಿದರ ಬಾಲ್ಯಕ್ಕೆ ಇಂಥದ್ದೊಂದು ಕಥೆ ಹೇಗೋ ಅಂಟಿಕೊಂಡಿರುತ್ತದೆ. ಬಾಯಿಂದ ಬಾಯಿಗೆ ಹೋಗುವಾಗ ಸ್ವಲ್ಪ ಉಬ್ಬಿಕೊಂಡಿದ್ದರೂ ಆಶ್ಚರ್ಯವಿಲ್ಲ. ವಿಚಿತ್ರವೆಂದರೆ, ಎಪ್ಪತ್ತೊಂದು ವರ್ಷ ಬಾಳಿದ ಮನುಷ್ಯನ ಬಗ್ಗೆ ಜನ ಬಾಯಿಪಾಠದಂತೆ ಹೇಳುವ ಖಾಸಗಿ ಪ್ರಸಂಗ ಐದನೇ ವಯಸ್ಸಿನದು. ದೊಡ್ಡವರಾದ ಮೇಲೆ ಅವರು ಅಂಥ ಕಥೆಗಳಿಗೆ ಹೆಚ್ಚು ಅವಕಾಶ ಕೊಡಲಿಲ್ಲ.

ಕನ್ನಡದ ಓದುಗರಿಗೆ ಈ ಹೆಸರು ಹೊಸದಿರಬಹುದು. ಚಿತ್ರಗಳು ಹೊಸದಲ್ಲ. ಈಗ ನಲವತ್ತೈದು ದಾಟಿದ ಯಾರನ್ನಾದರೂ ಕೇಳಿ. ಬೇಸಿಗೆ ರಜೆ, ಅಜ್ಜಿ ಮನೆಯ ಅಟ್ಟ, ಅಲ್ಲೊಂದು ‘ಚಂದಮಾಮ’ದ ಕಟ್ಟು. ಬೇತಾಳನ ಕಥೆ ಮರೆತಿರಬಹುದು, ಫೋಟೋಗೆ ಶೀರ್ಷಿಕೆ ಕೊಡುವ ಸ್ಪರ್ಧೆ ಮರೆತಿರಬಹುದು. ಮುಖಪುಟದ ಆ ಬಣ್ಣ ಮರೆತಿರುವುದಿಲ್ಲ: ಮುಸ್ಸಂಜೆಯ ಕೇಸರಿ, ನವಿಲಿನ ನೀಲಿ, ಚಿನ್ನದ ಕಿರೀಟ, ತುಂಬುಗಣ್ಣಿನ ಹೆಂಗಸು.

ಅವೆನ್ಯೂ ರಸ್ತೆಯ ಒಂದು ಕಟ್ಟು

ನನಗೆ ಪಾಪಯ್ಯ ಸಿಕ್ಕಿದ್ದು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ. ಹಳೇ ಪುಸ್ತಕದ ಅಂಗಡಿಯವರು ಸುತಲಿ ಕಟ್ಟಿಟ್ಟಿದ್ದ ‘ಚಂದಮಾಮ’ಗಳನ್ನು ಬಿಚ್ಚಿ ತೋರಿಸುತ್ತಿದ್ದರು. ಮುಖಪುಟ ಇದ್ದರೆ ಒಂದು ರೇಟು, ಹೋಗಿದ್ದರೆ ಇನ್ನೊಂದು. ಒಳಗಿನ ಕಥೆ ಪೂರ್ತಿಯಿದೆಯೋ ಇಲ್ಲವೋ ಎಂದು ನೋಡುವ ಗೋಜಿಗೆ ಹೋಗುವ ಗಿರಾಕಿಗಳು ಕಡಿಮೆ.

ಮುಖಪುಟಗಳನ್ನೇ ಸಾಲಾಗಿ ಹರಡಿ ನೋಡಿದಾಗ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ಬೇರೆ ಬೇರೆ ವರ್ಷ, ಬೇರೆ ಬೇರೆ ಪುರಾಣ, ಆದರೆ ಕೈ ಒಂದೇ. ಮೂಲೆಯಲ್ಲಿ ಪುಟ್ಟದಾಗಿ ಸಹಿ. ತೆಲುಗು ಲಿಪಿ ನಮ್ಮ ಲಿಪಿಯ ಒಡಹುಟ್ಟು, ತಡವರಿಸಿದರೂ ಓದಬಹುದು. ವಪಾ.

ವಡ್ಡಾದಿಯ ‘ವ’, ಪಾಪಯ್ಯನ ‘ಪಾ’. ಅಷ್ಟೇ.

ಪತ್ರಿಕೆಯಲ್ಲಿ ಚಿತ್ರ ಬರೆದವರನ್ನು ನಾವು ಮರೆಯುವುದು ಹೊಸದೇನಲ್ಲ. ಕಥೆಗಾರರಿಗೆ ಪ್ರಶಸ್ತಿ, ಸನ್ಮಾನ, ಸಮಗ್ರ ಸಂಪುಟ. ಚಿತ್ರಗಾರರಿಗೆ ಒಂದು ಮೂಲೆ. ಆದರೆ ಪಾಪಯ್ಯನವರದು ಬರೀ ನಮ್ಮ ಮರೆವಿನ ಪ್ರಕರಣವಲ್ಲ, ಅದರಲ್ಲಿ ಅವರ ಪಾಲೂ ಇದೆ. ಅವರನ್ನು ನೆನೆಯುವವರೆಲ್ಲ ಹೇಳುವ ಮಾತು ಒಂದೇ: ಏಕಾಂತದ ಮನುಷ್ಯ, ಪ್ರಚಾರವೆಂದರೆ ದೂರ. ಮದ್ರಾಸಿನ ಪತ್ರಿಕೆಗಳಲ್ಲಿ ಅಷ್ಟು ಬೇಡಿಕೆಯಿದ್ದ ಕಲಾವಿದ ತಮ್ಮ ಊರು ಮಾಡಿಕೊಂಡದ್ದು ಅನಕಾಪಲ್ಲಿ ಹತ್ತಿರದ ಕಶಿಂಕೋಟವನ್ನು. ಅನಕಾಪಲ್ಲಿಗೆ ದೇಶದಲ್ಲಿ ಹೆಸರಿರುವುದು ಬೆಲ್ಲದ ಮಂಡಿಗೆ. ಅಲ್ಲಿಂದ ಮದ್ರಾಸಿಗೆ ಏಳುನೂರು ಕಿಲೋಮೀಟರಿಗೂ ಹೆಚ್ಚು.

| ವಪಾ: ಕೈಗೆ ಸಿಗುವಷ್ಟು |
|---|
| ಹುಟ್ಟು: 10 ಸೆಪ್ಟೆಂಬರ್ 1921, ಶ್ರೀಕಾಕುಳಂ (ಆಗ ಮದ್ರಾಸ್ ಪ್ರಾಂತ್ಯ). ತಂದೆ ರಾಮಮೂರ್ತಿ, ತಾಯಿ ಮಹಾಲಕ್ಷ್ಮಿ. ಮೊದಲ ಗುರು ತಂದೆಯೇ. ಚಿತ್ರ ಬರೆದ ಪತ್ರಿಕೆಗಳು: ‘ಭಾರತಿ’, ‘ಆಂಧ್ರಜ್ಯೋತಿ’, ‘ರೇರಾಣಿ’, ‘ಮಂಜೂಷ’, ‘ಯುವ’, ‘ಚಂದಮಾಮ’. ನೆಲೆ: ಕಶಿಂಕೋಟ. ನಿಧನ: 30 ಡಿಸೆಂಬರ್ 1992. |

ಹೆಸರಿಲ್ಲದವರ ಮನೆ

ಪಾಪಯ್ಯನವರನ್ನು ಅರ್ಥ ಮಾಡಿಕೊಳ್ಳಬೇಕಾದರೆ ‘ಚಂದಮಾಮ’ ಎಂಬ ಮನೆಯ ರೀತಿನೀತಿ ನೋಡಬೇಕು.

1947ರ ಜುಲೈ. ಸ್ವಾತಂತ್ರ್ಯಕ್ಕೆ ಇನ್ನೊಂದು ತಿಂಗಳು. ಮದ್ರಾಸಿನಲ್ಲಿ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ತೆಲುಗು, ತಮಿಳು ಎರಡು ಭಾಷೆಗಳಲ್ಲಿ ಮಕ್ಕಳ ಮಾಸಪತ್ರಿಕೆ ಹೊರತಂದರು. ಎರಡು ವರ್ಷ ಕಳೆದು 1949ರ ಜುಲೈಯಲ್ಲಿ ಕನ್ನಡ ‘ಚಂದಮಾಮ’ ಬಂತು. ಮುಂದೆ ಹಿಂದಿ, ಮರಾಠಿ, ಮಲಯಾಳಂ, ಗುಜರಾತಿ, ಇಂಗ್ಲಿಷ್, ಒಡಿಯಾ, ಬಂಗಾಳಿ ಎಂದು ಸಂಸಾರ ಬೆಳೆಯಿತು. ಸಂಸ್ಕೃತದಲ್ಲೂ ಬಂತು, ಶ್ರೀಲಂಕಾದ ಮಕ್ಕಳಿಗಾಗಿ ಸಿಂಹಳದಲ್ಲೂ ಬಂತು.

ಈ ಇಬ್ಬರು ಸಿನಿಮಾದವರೂ ಹೌದು. ವಿಜಯಾ ಪ್ರೊಡಕ್ಷನ್ಸ್ ಅವರದು, 1957ರ ‘ಮಾಯಾಬಜಾರ್’ ಅವರದು. ವಡಪಳನಿಯಲ್ಲಿ ಸ್ಟುಡಿಯೋ, ಅಲ್ಲೇ ಪತ್ರಿಕೆ. ಘಟೋತ್ಕಚನ ಲಡ್ಡು ಮತ್ತು ಬೇತಾಳನ ಮರ ಎರಡೂ ಒಂದೇ ಯಜಮಾನಿಕೆಯ ಫಸಲು ಎಂದರೆ ಇಂದಿನ ಮಕ್ಕಳಿಗೆ ನಂಬಿಕೆ ಬರಲಿಕ್ಕಿಲ್ಲ.

ಮನೆಯ ಯಜಮಾನರಲ್ಲಿ ಒಬ್ಬರ ಹೆಸರೇ ಕಾವ್ಯನಾಮ. ಚಕ್ರಪಾಣಿಯವರ ನಿಜ ಹೆಸರು ಆಲೂರಿ ವೆಂಕಟ ಸುಬ್ಬರಾವ್. ಶರತ್‌ಚಂದ್ರರನ್ನು ತೆಲುಗಿಗೆ ತಂದ ಅನುವಾದಕ. 1952ರಿಂದ 1980ರಲ್ಲಿ ತೀರಿಕೊಳ್ಳುವವರೆಗೆ ಪತ್ರಿಕೆಯ ಸಂಪಾದಕೀಯ ಹೊಣೆ ಹೊತ್ತವರು ಕೊಡವಟಿಗಂಟಿ ಕುಟುಂಬರಾವ್. ತೆಲುಗಿನ ಬಹು ದೊಡ್ಡ ಕಥೆಗಾರ, ಮಾರ್ಕ್ಸ್‌ವಾದಿ, ದೆವ್ವಭೂತಗಳಲ್ಲಿ ಕಿಂಚಿತ್ತೂ ನಂಬಿಕೆ ಇಲ್ಲದ ಮನುಷ್ಯ. ಆದರೆ ಸಂಪಾದಕ ಎಂದು ಅವರ ಹೆಸರು ಪತ್ರಿಕೆಯಲ್ಲಿ ಅಚ್ಚಾಗಲಿಲ್ಲ.

ಮಾಂತ್ರಿಕರು, ಕೋಟೆಗಳು, ಹಾರುವ ಜಂತುಗಳಿದ್ದ ಆ ಧಾರಾವಾಹಿಗಳು? ‘ಮುಂದಿನ ಸಂಚಿಕೆಗೆ’ ಎಂದು ಕುತ್ತಿಗೆಗೆ ಕತ್ತಿ ಬಂದಾಗಲೇ ನಿಲ್ಲಿಸಿ ತಿಂಗಳುಗಟ್ಟಲೆ ಕಾಯಿಸಿದ ಆಸಾಮಿ ದಾಸರಿ ಸುಬ್ರಹ್ಮಣ್ಯಂ. ಅವರ ಹೆಸರೂ ಧಾರಾವಾಹಿಯ ಮೇಲೆ ಇರುತ್ತಿರಲಿಲ್ಲ. ದಶಕಗಳ ನಂತರ, ಬೆಳೆದು ದೊಡ್ಡವರಾದ ಓದುಗರೇ ಹುಡುಕಿ ಹೊರಗೆಳೆದರು. ಕನ್ನಡಕ್ಕೆ ಅವನ್ನೆಲ್ಲ ತಂದ ಅನುವಾದಕರ ಪಾಡು ಇನ್ನೂ ಕತ್ತಲು.

ಅಂಥ ಮನೆಯಲ್ಲಿ ಸಹಿ ಹಾಕುವ ಭಾಗ್ಯ ಇದ್ದದ್ದು ಚಿತ್ರಗಾರರಿಗೆ ಮಾತ್ರ. ಧಾರಾವಾಹಿಗೆ ಜೀವ ತುಂಬಿದ ‘ಚಿತ್ರಾ’, ಅಂದರೆ ಟಿ.ವಿ. ರಾಘವನ್. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದ ವಿಕ್ರಮನನ್ನು ಕೊಟ್ಟ ‘ಶಂಕರ್’, ಅಂದರೆ ಕೆ.ಸಿ. ಶಿವಶಂಕರನ್. ಮುಖಪುಟದಲ್ಲಿ ವಪಾ. ಬರೆದವರಿಗೆಲ್ಲ ಬಾಗಿಲು ಮುಚ್ಚಿದ್ದಾಗ ಇವರಿಗೆ ಒಂದು ಸಣ್ಣ ಕಿಂಡಿ ತೆರೆದಿತ್ತು. ಪಾಪಯ್ಯ ಅದರಲ್ಲಿ ಎರಡಕ್ಷರ ಇಟ್ಟು ಸುಮ್ಮನಾದರು.

ಮುಂಚೆ ಒಬ್ಬ ಕನ್ನಡಿಗ

ಇಲ್ಲಿ ನಮ್ಮವರೊಬ್ಬರನ್ನು ನೆನೆಯದೆ ಮುಂದೆ ಹೋದರೆ ತಪ್ಪಾಗುತ್ತದೆ. ಪಾಪಯ್ಯನವರಿಗಿಂತ ಮೊದಲು, 1950ರ ದಶಕದಲ್ಲಿ, ‘ಚಂದಮಾಮ’ದ ಮುಖಪುಟ ಎಂದರೆ ಎಂ.ಟಿ.ವಿ. ಆಚಾರ್ಯ. ಕನ್ನಡಿಗರು. ಮಹಾಭಾರತದ ಸನ್ನಿವೇಶಗಳನ್ನು ಅವರು ಒಂದೊಂದಾಗಿ ಮುಖಪುಟಕ್ಕೆ ತಂದರು. ಮಾಂಸಖಂಡ ಎದ್ದು ಕಾಣುವ ಭೀಮ, ನಾಟಕದ ರಂಗದ ಮೇಲೆ ನಿಂತಂಥ ದ್ರೌಪದಿ. ಆಚಾರ್ಯರ ದೇಹಗಳಿಗೆ ತೂಕವಿದೆ. ನೆಲದ ಮೇಲೆ ಕಾಲೂರಿ ನಿಲ್ಲುತ್ತವೆ. ಮುಂದೆ ಅವರು ಮದ್ರಾಸ್ ಬಿಟ್ಟು ಬೆಂಗಳೂರಿಗೆ ಬಂದು ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಹಳ್ಳಿಯಲ್ಲಿ ಕೂತು ಕವರು ಒಡೆದು ಪಾಠ ಬಿಡಿಸುತ್ತ ಕುಂಚ ಹಿಡಿದವರಿಗೆ ಅವರು ಕಾಣದ ಗುರು.

ಆಚಾರ್ಯರು ಬಿಟ್ಟ ಜಾಗ ಸುಲಭದ್ದಾಗಿರಲಿಲ್ಲ. 1960ರ ಆಸುಪಾಸಿನಿಂದ ಅಲ್ಲಿ ಪಾಪಯ್ಯ ನೆಲೆಯಾದರು. ಇಬ್ಬರ ಮುಖಪುಟಗಳನ್ನು ಪಕ್ಕ ಪಕ್ಕ ಇಟ್ಟರೆ ವ್ಯತ್ಯಾಸ ಯಾರಿಗೂ ತಿಳಿಯುತ್ತದೆ. ಪಾಪಯ್ಯನವರ ಆಕೃತಿಗಳು ನಿಲ್ಲುವುದಿಲ್ಲ, ಬಳುಕುತ್ತವೆ. ಸೆರಗು ಗಾಳಿ ಇಲ್ಲದಿದ್ದರೂ ಹಾರುತ್ತದೆ. ಮರದ ಕೊಂಬೆ, ಜಡೆ, ಹಾವು, ನದಿ ಎಲ್ಲವೂ ಒಂದೇ ಗೆರೆಯ ಬಂಧುಗಳು. ಆಚಾರ್ಯರದು ರಂಗಸ್ಥಳ, ಪಾಪಯ್ಯನವರದು ಕನಸು. ಯಾರು ಹೆಚ್ಚು ಎಂದು ಕೇಳಬೇಡಿ. ಭೀಮ ಬೇಕಿದ್ದರೆ ಆಚಾರ್ಯರ ಹತ್ತಿರ ಹೋಗಬೇಕು, ಊರ್ವಶಿ ಬೇಕಿದ್ದರೆ ಪಾಪಯ್ಯನವರಲ್ಲಿ.

ಮಾತಿಲ್ಲದ ಚಿತ್ರಕ್ಕೆ ಭಾಷೆ ಹತ್ತಾರು

ಮುಖಪುಟದ ಕೆಲಸ ಎಂಥ ಕಷ್ಟದ್ದು ಎಂದು ಒಮ್ಮೆ ಯೋಚಿಸಿ.

ಚಿತ್ರ ಒಂದೇ. ಮೇಲಿನ ಹೆಸರು ಮಾತ್ರ ಬದಲು. ಅದೇ ತಿಂಗಳು ಅದೇ ಚಿತ್ರ ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲೂ ಕಟಕ್‌ನಲ್ಲೂ ಪುಣೆಯಲ್ಲೂ ಮಧುರೆಯಲ್ಲೂ ನೇತಾಡಬೇಕು. ಒಡಿಯಾ ಮಗುವಿಗೂ ಇದು ನಮ್ಮದು ಅನ್ನಿಸಬೇಕು, ಕನ್ನಡದ ಮಗುವಿಗೂ ಅನ್ನಿಸಬೇಕು. ಹಾಗಾದರೆ ಸೀತೆ ಸೀರೆ ಉಡುವುದು ಯಾವ ಊರಿನ ಶೈಲಿಯಲ್ಲಿ? ರಾಜನ ಪೇಟ ಯಾವ ಸೀಮೆಯದು? ಗೋಪುರ ದ್ರಾವಿಡವೋ, ನಾಗರವೋ?

ಪಾಪಯ್ಯ ಇದಕ್ಕೆ ಕಂಡುಕೊಂಡ ಉಪಾಯ ಸೊಗಸಾದದ್ದು. ಯಾವ ಊರೂ ಅಲ್ಲದ, ಎಲ್ಲರ ಊರೂ ಆಗಬಲ್ಲ ಒಂದು ಪುರಾಣದ ನಾಡನ್ನೇ ಕಟ್ಟಿದರು. ಆಂಧ್ರದ ಹಳ್ಳಿಯ ಹೆಣ್ಣಿನ ಮುಖಕ್ಕೆ ಅಜಂತಾದ ಕಣ್ಣು, ರವಿವರ್ಮನಿಂದ ಬಂದ ಮೈಬಣ್ಣ, ಹಿನ್ನೆಲೆಗೆ ಯಾವ ಭೂಪಟದಲ್ಲೂ ಇಲ್ಲದ ಬೆಟ್ಟ. ನಾವು ನಮ್ಮದೆಂದುಕೊಂಡೆವು, ಮರಾಠಿಯವರು ಅವರದೆಂದುಕೊಂಡರು.

ಇನ್ನು ಅಚ್ಚಿನ ಮನೆಯ ಕಾಟ. ಹಳೆಯ ಬ್ಲಾಕ್ ಮುದ್ರಣದಲ್ಲಿ ಬಣ್ಣದ ಚಿತ್ರವನ್ನು ಹಳದಿ, ಕೆಂಪು, ನೀಲಿ, ಕಪ್ಪು ಎಂದು ಒಡೆದು, ಸಣ್ಣ ಸಣ್ಣ ಚುಕ್ಕಿಗಳಾಗಿ ಲೋಹದ ತಗಡಿನ ಮೇಲೆ ಕೊರೆಯುತ್ತಿದ್ದರು. ಒಂದರ ಮೇಲೊಂದು ಅಚ್ಚಾಗುವಾಗ ಒಂದು ಕೂದಲೆಳೆ ಸರಿದರೂ ರಾಮನಿಗೆ ಎರಡು ಮೂಗು. ನವಿರಾದ ಛಾಯೆಗಳನ್ನು ಚುಕ್ಕಿಗಳು ನುಂಗಿಬಿಡುತ್ತವೆ. ಹೀಗಾಗಿ ಪತ್ರಿಕೆಗೆ ಬರೆಯುವವನು ಬರೆಯುವಾಗಲೇ ಅಚ್ಚಿನ ಯಂತ್ರದ ಹಸಿವನ್ನು ಲೆಕ್ಕ ಹಾಕಬೇಕು. ಪಾಪಯ್ಯನವರ ಮುಖಪುಟಗಳು ಕಡಿಮೆ ದರ್ಜೆಯ ಕಾಗದದ ಮೇಲೂ ಹೊಳೆಯುವುದು ಸುಮ್ಮನೆ ಅಲ್ಲ. ಗಾಢ ಹಿನ್ನೆಲೆ, ಅದರ ಎದುರು ಬೆಳಕು ಹೊತ್ತ ಮುಖ, ಖಚಿತ ಅಂಚು. ಸ್ವಲ್ಪ ಮಸಿ ಹೆಚ್ಚಾದರೂ ಚಿತ್ರ ಸಾಯುವುದಿಲ್ಲ.

ನನ್ನ ಒಂದು ತಕರಾರೂ ಇದೆ. ಅವರ ದೇವರುಗಳು ಕೆಲವೊಮ್ಮೆ ಅತಿ ಸುಂದರರು. ರಾಮ, ಕೃಷ್ಣ, ಇಂದ್ರ, ಅರ್ಜುನ ಎಲ್ಲರಿಗೂ ಒಂದೇ ಮನೆತನದ ಗಲ್ಲ. ಆದರೆ ರಾಕ್ಷಸರನ್ನು ನೋಡಿ, ಒಬ್ಬನಂತೆ ಇನ್ನೊಬ್ಬನಿಲ್ಲ! ಒಬ್ಬನಿಗೆ ಹೊಟ್ಟೆಬಾಕನ ಅಸಹಾಯಕತೆ, ಇನ್ನೊಬ್ಬನಿಗೆ ಜಮೀನ್ದಾರನ ಸೊಕ್ಕು. ಸಜ್ಜನರನ್ನು ಶಾಸ್ತ್ರ ನೋಡಿ, ದುರ್ಜನರನ್ನು ಊರು ನೋಡಿ ಬರೆದರೇನೋ ಅನ್ನಿಸುತ್ತದೆ.

| ಒಬ್ಬ ಮಾವ, ಹಲವು ಹೆಸರು |
|---|
| ಕನ್ನಡ, ತೆಲುಗಿನಲ್ಲಿ ‘ಚಂದಮಾಮ’. ತಮಿಳಿನಲ್ಲಿ ‘ಅಂಬುಲಿಮಾಮಾ’. ಮಲಯಾಳಂನಲ್ಲಿ ‘ಅಂಬಿಳಿ ಅಮ್ಮಾವನ್’. ಮರಾಠಿಯಲ್ಲಿ ‘ಚಾಂದೋಬಾ’. ಒಡಿಯಾದಲ್ಲಿ ‘ಜಹ್ನಮಾಮು’. ಕಥೆಗಳು ಮೊದಲು ತೆಲುಗಿನಲ್ಲಿ ಸಿದ್ಧವಾಗಿ, ಮದ್ರಾಸಿನಲ್ಲೇ ಉಳಿದ ಭಾಷೆಗಳಿಗೆ ಹೋಗುತ್ತಿದ್ದವು. ಮುಖಪುಟ ಮಾತ್ರ ಅನುವಾದವೇ ಬೇಡದ ಸರಕು. |

ಮಕ್ಕಳಿಗೊಂದು, ದೊಡ್ಡವರಿಗೊಂದು

ಕನ್ನಡಿಗರು ಕಂಡ ಪಾಪಯ್ಯ ಅರ್ಧ ಪಾಪಯ್ಯ.

ಇನ್ನರ್ಧ ತೆಲುಗು ಓದುಗರ ಪಾಲು. ಚಕ್ರಪಾಣಿಯವರದೇ ಇನ್ನೊಂದು ಮಾಸಪತ್ರಿಕೆ ‘ಯುವ’. ಅದು ದೊಡ್ಡವರಿಗೆ. ಅಲ್ಲಿ ಪಾಪಯ್ಯ ಬರೆದದ್ದು ಹೆಣ್ಣನ್ನು. ರಾಗಗಳನ್ನು ಗಂಡು, ಹೆಣ್ಣುಗಳಾಗಿ ಕಾಣುವ ರಾಗಮಾಲೆಯ ಹಳೆಯ ಸಂಪ್ರದಾಯವನ್ನು ಅವರು ಪತ್ರಿಕೆಯ ಪುಟಕ್ಕೆ ಇಳಿಸಿದರು. ಋತುಗಳು, ಹಬ್ಬಗಳು, ಕಾವ್ಯದ ನಾಯಿಕೆಯರು ಬಂದರು. ರಾಜಸ್ಥಾನದ, ದಖ್ಖನಿನ ಅರಮನೆಗಳಲ್ಲಿ ಅರಸರ ಮಡಿಲಲ್ಲಿ ಬಿಚ್ಚಿಕೊಳ್ಳುತ್ತಿದ್ದ ರಾಗಮಾಲೆ ಚಿಲ್ಲರೆ ಕಾಸಿಗೆ ಗುಂಟೂರಿನ ಗುಮಾಸ್ತನ ಮನೆಗೆ ಬಂತು.

ಒಂದೇ ಕೈ ಎಂಬುದು ಯೋಚಿಸಿದಷ್ಟೂ ಬೆರಗು. ಶೃಂಗಾರ ರಸದ ನಾಯಿಕೆಯನ್ನು ಬರೆಯುವ ಕುಂಚವೇ ಎಂಟು ವರ್ಷದ ಮಗುವಿಗೆ ಪ್ರಹ್ಲಾದನನ್ನು ಬರೆಯುತ್ತದೆ. ‘ಚಂದಮಾಮ’ದ ರಾಜಕುಮಾರಿಯರಿಗೆ ಒಂದು ಗಾಂಭೀರ್ಯ ಇರುವುದಕ್ಕೆ, ಅವರು ಗೊಂಬೆಗಳಾಗದೆ ಇರುವುದಕ್ಕೆ ಇದೇ ಕಾರಣವಿರಬೇಕು. ಅವರನ್ನು ಬರೆದವನಿಗೆ ದೊಡ್ಡವರ ಲೋಕವೂ ಗೊತ್ತಿತ್ತು.

ಇಷ್ಟು ಹೆಣ್ಣುಮಕ್ಕಳನ್ನು ಬರೆದವರ ಮನೆಯ ಸುದ್ದಿ ಏನು, ಆ ಮುಖಗಳಿಗೆ ಎದುರು ಕೂತವರು ಯಾರಾದರೂ ಇದ್ದರೇ ಎಂಬ ಕುತೂಹಲ ಓದುಗರಿಗೆ ಏಳುವುದು ಸಹಜ. ಸಿನಿಮಾ ತಾರೆಯರ ಅಡುಗೆ ಮನೆಯವರೆಗೆ ಹೋಗಿ ಬರುತ್ತಿದ್ದ ಕಾಲದ ಪತ್ರಿಕೆಗಳು ಇವರ ಹೊಸ್ತಿಲು ದಾಟಲಿಲ್ಲ. ಪಾಪಯ್ಯ ದಾಟಗೊಡಲಿಲ್ಲ. ಅದೇ ತೆಲುಗಿನಲ್ಲಿ ಬಾಪು ಇದ್ದರು. ಪತ್ರಿಕೆಗೆ ಚಿತ್ರ ಬರೆದರು, ಸಿನಿಮಾ ಮಾಡಿದರು, ‘ಬಾಪು ಬೊಮ್ಮ’ (ಬಾಪು ಗೊಂಬೆ) ಎಂಬ ಮಾತೇ ಮನೆಮಾತಾಯಿತು, ಮುಖ ಎಲ್ಲರಿಗೂ ಗೊತ್ತಾಯಿತು. ಪಾಪಯ್ಯನವರಿಗೂ ಆ ದಾರಿ ತೆರೆದೇ ಇತ್ತು. ಅವರು ಕೆಲಸ ಮಾಡುತ್ತಿದ್ದ ಪತ್ರಿಕೆಯ ಯಜಮಾನರೇ ಸಿನಿಮಾದ ದೊರೆಗಳು. ಆದರೂ ಅವರು ಉಳಿದದ್ದು ಪತ್ರಿಕೆಯ ಕಾಗದದ ಮೇಲೆ.

ಬೈಂಡಿಂಗ್ ಎಂಬ ಶತ್ರು

ಪಾಪಯ್ಯ ನಮ್ಮ ನೆನಪಿನಿಂದ ಜಾರಿದ್ದಕ್ಕೆ ಇನ್ನೊಂದು ಕಾರಣವಿದೆ. ಅದು ತೀರಾ ಸಪ್ಪೆಯಾದ ಕಾರಣ. ಗೋಂದು ಮತ್ತು ದಾರ.

‘ಚಂದಮಾಮ’ವನ್ನು ಯಾರೂ ಓದಿ ಎಸೆಯುತ್ತಿರಲಿಲ್ಲ. ವರ್ಷದ ಹನ್ನೆರಡು ಸಂಚಿಕೆ ಸೇರಿಸಿ ಬೈಂಡ್ ಮಾಡಿಸುವುದು ಪದ್ಧತಿ. ಮೇಲೆ ದಪ್ಪ ರಟ್ಟು, ಬೆನ್ನಿಗೆ ಬಟ್ಟೆ, ಅದರ ಮೇಲೆ ಅಪ್ಪನ ದುಂಡಗಿನ ಅಕ್ಷರದಲ್ಲಿ ವರ್ಷ. ಬೈಂಡಿಂಗಿನವನು ಮಾಡುವ ಮೊದಲ ಕೆಲಸವೇನು? ಪಿನ್ನು ತೆಗೆಯುವುದು, ಮುಖಪುಟ ಕಿತ್ತು ಪಕ್ಕಕ್ಕಿಡುವುದು. ಒಳಹಾಳೆಗಳು ಸಮನಾಗಿ ಕೂರಬೇಕಲ್ಲ! ಗ್ರಂಥಾಲಯಗಳಲ್ಲೂ ಎಷ್ಟೋ ಕಡೆ ಇದೇ ಕಥೆ.

ಹೀಗೆ ಒಳಪುಟದ ಚಿತ್ರಾ ಉಳಿದರು, ಶಂಕರ್ ಉಳಿದರು. ಹೊರಗಿದ್ದ ವಪಾ ಹೋದರು.

ಉಳಿದ ಮುಖಪುಟಗಳ ಗತಿಯೂ ಹೇಳುವಂಥದ್ದಲ್ಲ. ಶಾಲೆಯ ಪುಸ್ತಕಕ್ಕೆ ಹೊದಿಕೆಯಾದವು, ಗೋಡೆಗೆ ಅಂಟಿ ಹೊಗೆ ಕುಡಿದವು, ದೇವರ ಚಿತ್ರವಿದ್ದರೆ ಪೂಜೆಗೂ ಕೂತವು. ರವಿವರ್ಮನ ಅಚ್ಚುಚಿತ್ರಗಳಿಗೆ ಯಾವ ಭಾಗ್ಯ ಬಂದಿತ್ತೋ ಅದೇ ಭಾಗ್ಯ. ವ್ಯತ್ಯಾಸ ಇಷ್ಟೇ: ರವಿವರ್ಮನ ಮೂಲ ಚಿತ್ರಗಳು ಮೈಸೂರಿನ ಜಗನ್ಮೋಹನ ಅರಮನೆಯಂಥ ಕಡೆ ಚೌಕಟ್ಟಿನೊಳಗೆ ಕೂತಿವೆ, ಕಲಾವಿಮರ್ಶಕರು ಅವುಗಳ ಮುಂದೆ ನಿಂತು ಮಾತಾಡುತ್ತಾರೆ. ಪತ್ರಿಕೆಗೆ ಬರೆದವರನ್ನು ಮಾತ್ರ ‘ಕ್ಯಾಲೆಂಡರ್ ಕಲೆ’ ಎಂದು ಹಣೆಪಟ್ಟಿ ಹಚ್ಚಿ ಪಕ್ಕಕ್ಕೆ ಸರಿಸಿದ್ದು ನಮ್ಮ ಕಲಾಲೋಕದ ಹಳೆಯ ಚಾಳಿ. ಲಕ್ಷಾಂತರ ಮಕ್ಕಳು ಬದುಕಿನಲ್ಲಿ ಮೊದಲು ಕಂಡ ಪೇಂಟಿಂಗ್ ಗ್ಯಾಲರಿಯದಲ್ಲ, ‘ಚಂದಮಾಮ’ದ ಮುಖಪುಟ. ಆ ಲೆಕ್ಕವನ್ನು ಯಾವ ಕಲಾ ಇತಿಹಾಸ ಬರೆದಿದೆ?

| ತಡವಾಗಿಯಾದರೂ ಬೆಳಕಿಗೆ ಬಂದ ಜೊತೆಗಾರ |
|---|
| ಶಂಕರ್ (ಕೆ.ಸಿ. ಶಿವಶಂಕರನ್) ಹುಟ್ಟಿದ್ದು 1924ರಲ್ಲಿ. ಮದ್ರಾಸ್ ಕಲಾಶಾಲೆಯಲ್ಲಿ ದೇವಿಪ್ರಸಾದ್ ರಾಯ್‌ಚೌಧರಿ ಪ್ರಾಂಶುಪಾಲರಾಗಿದ್ದ ಕಾಲದ ವಿದ್ಯಾರ್ಥಿ. 1950ರ ದಶಕದ ಆರಂಭದಲ್ಲಿ ‘ಚಂದಮಾಮ’ ಸೇರಿ ಆ ಪತ್ರಿಕೆಯ ಕೊನೆಗಾಲದವರೆಗೂ ಬರೆದರು. ಇಳಿವಯಸ್ಸಿನಲ್ಲಿ ಅಭಿಮಾನಿಗಳು, ಪತ್ರಕರ್ತರು ಅವರನ್ನು ಹುಡುಕಿಕೊಂಡು ಹೋದರು. 2020ರ ಸೆಪ್ಟೆಂಬರ್‌ನಲ್ಲಿ ನಿಧನ. 2021ರಲ್ಲಿ ಮರಣೋತ್ತರ ಪದ್ಮಶ್ರೀ. |

ಗುಟ್ಟು ಗುಟ್ಟಾಗಿಯೇ ಇರಲಿ, ಆದರೆ…

ಶಂಕರ್ ದೀರ್ಘಕಾಲ ಬದುಕಿದರು. ಅವರ ಕೊನೆಯ ವರ್ಷಗಳಿಗೆ ಕ್ಯಾಮೆರಾ, ಮೊಬೈಲು, ಮಾತಾಡಿಸಲು ಬರುವ ಅಭಿಮಾನಿಗಳು ಎಲ್ಲ ಒದಗಿ ಬಂದವು. ಪಾಪಯ್ಯ ಹೋದದ್ದು 1992ರ ಡಿಸೆಂಬರ್ 30ರಂದು. ಹಳೆಯ ಪತ್ರಿಕೆಗಳ ಮೋಹ ದೊಡ್ಡವರನ್ನು ಹಿಡಿಯುವ ಮೊದಲೇ, ಅಂತರಜಾಲ ನಮ್ಮ ಮನೆಗಳಿಗೆ ಬರುವ ಮೊದಲೇ. ಅವರು ಇನ್ನೂ ಇಪ್ಪತ್ತು ವರ್ಷ ಇದ್ದಿದ್ದರೆ ಕಶಿಂಕೋಟದ ಮನೆ ಮುಂದೆ ಕ್ಯಾಮೆರಾಗಳು ಸಾಲುಗಟ್ಟುತ್ತಿದ್ದವು. ಅವರು ಕದ ತೆರೆಯುತ್ತಿದ್ದರೇ? ಅನುಮಾನ.

ಪತ್ರಿಕೆಯ ಕೊನೆಗಾಲ ಚೆನ್ನಾಗಿರಲಿಲ್ಲ. 1998ರಲ್ಲಿ ನಿಂತಿತು, ಮರುವರ್ಷದ ಕೊನೆಗೆ ಮತ್ತೆ ಶುರುವಾಯಿತು, 2007ರಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯ ಪಾಲಾಯಿತು. 2010ರ ದಶಕದ ಆರಂಭಕ್ಕೆ ಪೂರ್ತಿ ಕಣ್ಣು ಮುಚ್ಚಿತು. ಆ ಹೊಯ್ದಾಟದ ಯಾವ ಪುಟವನ್ನೂ ಪಾಪಯ್ಯ ನೋಡಬೇಕಾಗಲಿಲ್ಲ.

2021ರಲ್ಲಿ ಅವರ ಜನ್ಮಶತಮಾನೋತ್ಸವದ ವರ್ಷ ಬಂತು, ಹೋಯಿತು. ಕೊರೊನಾದ ಗಲಾಟೆಯಲ್ಲಿ ಕರ್ನಾಟಕದಲ್ಲಿ ಅದು ಸುದ್ದಿಯಾಗಲಿಲ್ಲ. ಕನ್ನಡದ ಮಕ್ಕಳ ಕಣ್ಣನ್ನು ಇಷ್ಟು ದೀರ್ಘಕಾಲ ಸಾಕಿದವರಿಗೆ ಇಲ್ಲೊಂದು ಸಣ್ಣ ಪ್ರದರ್ಶನ ಆಗಿದ್ದರೂ ಸಾಕಿತ್ತು.

ಅವರ ಮನೆಯೊಳಗೆ ಇಣುಕುವ ಆಸೆ ನನಗಿಲ್ಲ. ಮುಚ್ಚಿಟ್ಟದ್ದನ್ನು ಮುಚ್ಚಿಡುವ ಹಕ್ಕು ಕಲಾವಿದನಿಗೂ ಇದೆ. ಯಾರನ್ನು ಪ್ರೀತಿಸಿದರು, ಯಾರ ಮೇಲೆ ಮುನಿಸಿಕೊಂಡರು, ದಿನಕ್ಕೆ ಎಷ್ಟು ಕಾಫಿ ಕುಡಿದರು ಎಂಬುದು ತಿಳಿಯದಿದ್ದರೆ ಪ್ರಹ್ಲಾದನ ಚಿತ್ರಕ್ಕೆ ಏನೂ ಊನವಿಲ್ಲ. ಸ್ವಂತ ಬದುಕನ್ನೇ ಸರಕು ಮಾಡಿಕೊಂಡು ಬೆಳಿಗ್ಗೆ ತಿಂದ ದೋಸೆಯ ಫೋಟೋವನ್ನೂ ಊರಿಗೆ ತೋರಿಸುವ ಈ ಕಾಲದಲ್ಲಿ ಅವರ ಹಟ ನನಗಂತೂ ಇಷ್ಟವಾಗುತ್ತದೆ.

ಆದರೆ ಬದುಕನ್ನು ಮುಚ್ಚಿಟ್ಟವರು ಚಿತ್ರಗಳನ್ನು ಮುಚ್ಚಿಡಲಿಲ್ಲವಲ್ಲ. ಅವನ್ನು ತಿಂಗಳು ತಿಂಗಳೂ ನಮ್ಮ ಕೈಗೇ ಕೊಟ್ಟರು. ಕಳೆದದ್ದು ನಾವು.

ಹಾಗಾಗಿ ಒಂದು ವಿನಂತಿ. ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಟ್ಟ ಹತ್ತಿ. ‘ಚಂದಮಾಮ’ದ ಕಟ್ಟು ಸಿಕ್ಕರೆ ರದ್ದಿಗೆ ಹಾಕಬೇಡಿ. ಮುಖಪುಟ ಉಳಿದಿದ್ದರೆ ಬಿಸಿಲಿಗೆ ಒಡ್ಡದೆ, ಮಡಚದೆ, ಸಪಾಟಾಗಿ ಇಟ್ಟು ಒಂದು ಫೋಟೋ ತೆಗೆಯಿರಿ. ಸಂಚಿಕೆಯ ತಿಂಗಳು, ವರ್ಷ ಪಕ್ಕದಲ್ಲಿ ಬರೆದಿಡಿ. ಮೂಲೆಯ ಸಹಿ ಪಾಪಯ್ಯನವರದೋ, ಆಚಾರ್ಯರದೋ ನೋಡಿ. ಬೈಂಡ್ ಮಾಡಿಸುವುದಿದ್ದರೆ ಮುಖಪುಟ ಕೀಳಕೂಡದೆಂದು ಅಂಗಡಿಯವನಿಗೆ ಬಾಯಿಬಿಟ್ಟು ಹೇಳಿ. ನಿಮ್ಮೂರಿನ ಗ್ರಂಥಾಲಯದಲ್ಲಿ ಹಳೆಯ ಸಂಪುಟಗಳಿದ್ದರೆ, ಕಿತ್ತಿಟ್ಟ ಮುಖಪುಟಗಳು ಯಾವುದಾದರೂ ಬೀರುವಿನ ಮೇಲೆ ಬಿದ್ದಿವೆಯೇ ಎಂದು ಒಮ್ಮೆ ಕೇಳಿ ನೋಡಿ.